ಬೆಳಗಾದರೆ ಮರಳಿ ಬರುತ್ತಿದ್ದ ಮೂರು ಫೋಲ್ಡರ್‌ಗಳು

ಮಿರಜದಿಂದ ಬಂದಿದ್ದ ಮೆಕ್ಯಾನಿಕ್ ನಮ್ಮ ಸ್ಟುಡಿಯೋದ ಕಂಪ್ಯೂಟರನ್ನು ಪೂರ್ತಿ ತೊಳೆದು ಹೋದ ಮರುದಿನ ಬೆಳಿಗ್ಗೆ ನೋಡಿದರೆ, ಅದರೊಳಗೆ ಮೂರು ಫೋಲ್ಡರ್‌ಗಳು ಹಾಗೇ ಕೂತಿದ್ದವು. ತೊಳೆಯುವುದು ಎಂಬುದು ನಮ್ಮ ಮಾಲಕರ ಮಾತು. ಅವರಿಗೆ ಕಂಪ್ಯೂಟರೂ ಒಂದೇ, ಅಂಗಡಿಯ ಹಿಂದಿದ್ದ ನೀರಿನ ಟಾಕಿಯೂ ಒಂದೇ. ತುಂಬಿದರೆ ಖಾಲಿ ಮಾಡಿ ತಿಕ್ಕಬೇಕು. ಹಳೆಯ ಗಿರಾಕಿಗಳ ಫೋಟೋಗಳು ತುಂಬಿಕೊಂಡು ಯಂತ್ರ ಒಂದು ಚಿತ್ರ ತೆರೆಯಬೇಕಾದರೆ ನಾನು ಒಂದು ಕಪ್ ಚಹಾ ಕುಡಿದು ಮುಗಿಸುತ್ತಿದ್ದೆ. ಎಲ್ಲದಕ್ಕೂ ನೆಗೆಟಿವ್ ಇದ್ದೇ ಇದೆ, ಪ್ರೋಗ್ರಾಮು ಬಿಟ್ಟು ಉಳಿದದ್ದನ್ನೆಲ್ಲ ತೆಗೆದುಹಾಕು ಎಂದು ಮಾಲಕರು ಹೇಳಿದರು. ಮೆಕ್ಯಾನಿಕ್ ತೆಗೆದುಹಾಕಿದ.

ಉಳಿದಿದ್ದ ಮೂರು ಫೋಲ್ಡರ್‌ಗಳಿಗೆ ಇಂಗ್ಲಿಷ್ ಅಕ್ಷರಗಳಲ್ಲಿ ಹೆಸರು ಬರೆದಿತ್ತು: ಅಜ್ಜ, ಅಪ್ಪ, ಆಯಿ. ನಮ್ಮ ಗಡಿ ಸೀಮೆಯಲ್ಲಿ ಅವ್ವನಿಗೆ ಆಯಿ ಎನ್ನುವ ಮನೆಗಳು ಬೇಕಾದಷ್ಟಿವೆ. ಇಲ್ಲಿಯವರ ನಾಲಿಗೆ ಮರಾಠಿ ಯಾವುದು, ಕನ್ನಡ ಯಾವುದು ಎಂದು ಕೇಳಿಕೊಂಡು ಹೊರಳುವುದಿಲ್ಲ. ಮೆಕ್ಯಾನಿಕ್ ಅರ್ಧ ಕೆಲಸ ಮಾಡಿ ಪೂರಾ ಕೂಲಿ ಒಯ್ದ ಎಂದು ಮನಸ್ಸಿನಲ್ಲೇ ಬೈದು ಮೂರನ್ನೂ ಅಳಿಸಿದೆ. ಮರುದಿನ ಬೆಳಿಗ್ಗೆ ಯಂತ್ರ ಚಾಲೂ ಮಾಡಿದರೆ ಮೂರೂ ಇದ್ದವು. ಮತ್ತೆ ಅಳಿಸಿದೆ, ಮತ್ತೆ ಬಂದವು. ಸಂಜೆ ನಾನೇ ಅಳಿಸಿ, ಕಸದ ಬುಟ್ಟಿಯನ್ನೂ ಖಾಲಿ ಮಾಡಿ, ಅಂಗಡಿಗೆ ಬೀಗ ಬಿದ್ದದ್ದನ್ನು ಕಣ್ಣಾರೆ ನೋಡಿ ಬಸ್ಸು ಹತ್ತಿದರೂ, ಬೆಳಗಾದರೆ ಆಯಿ ಬಂದು ಕೂತಿರುತ್ತಿದ್ದಳು.

ಇದನ್ನು ಮಾಲಕರ ಕಿವಿಗೆ ಹಾಕಬಾರದಿತ್ತು. ಅವರು ಅಥಣಿ ಪೇಟೆಯಲ್ಲಿ ಹುಟ್ಟಿ ಬೆಳೆದ ಪಕ್ಕಾ ವ್ಯಾಪಾರಸ್ಥರು, ಆದರೆ ದೆವ್ವ ಎಂದರೆ ಕಾಲು ನಡುಗುತ್ತಿತ್ತು.

"ತಂಗಿ, ಸತ್ತವರ ಫೋಟೋ ಮಾಡೂ ಮಷೀನ್ ಐತಿ ಇದು. ಯಾವುದಾರ ಒಂದು ಜೀವಾ ಒಳಗ ಉಳದಿರತೈತಿ," ಎಂದು ಆವತ್ತೇ ಮಾನಿಟರಿನ ಮೇಲಿಂದ ನಿಂಬೆಹಣ್ಣು ಮೆಣಸಿನಕಾಯಿ ಇಳಿಬಿಟ್ಟರು. ಆ ದಾರ ಪರದೆಯ ನಡುವೆಯೇ ತೂಗಾಡುತ್ತಿತ್ತು. ಮದುಮಗನ ಫೋಟೋ ತೆರೆದರೆ ಅವನ ಮೂಗಿನ ಮೇಲೆ ಮೆಣಸಿನಕಾಯಿ. ನಾನು ಪ್ರತಿ ಸಲ ಅದನ್ನು ಬದಿಗೆ ಸರಿಸಿ, ಹಲ್ಲು ಕಡಿದುಕೊಂಡು ಕೆಲಸ ಮಾಡುತ್ತಿದ್ದೆ. ತೊಂಬತ್ತರ ದಶಕ ಮುಗಿಯುತ್ತ ಬಂದಿತ್ತು, ನಿಪ್ಪಾಣಿಯಲ್ಲಿ ಚಿಕ್ಕವ್ವನ ಮನೆಯಲ್ಲಿದ್ದು ಕಂಪ್ಯೂಟರ್ ಕಲಿತು ಬಂದವಳು ನಾನು, ನನ್ನ ಎದುರಿಗೇ ಇಂಥ ಆಟ.

ಸತ್ತವರ ಫೋಟೋ ಮಾಡುವ ಮಷೀನು ಎಂದದ್ದು ಮಾತ್ರ ಸುಳ್ಳಲ್ಲ. ನಮ್ಮ ಲಿಂಗಾಯತ ಮನೆಗಳಲ್ಲಿ ತೀರಿಕೊಂಡವರನ್ನು ಕೂಡಿಸುತ್ತಾರೆ. ಜಳಕ ಮಾಡಿಸಿ, ಹಣೆತುಂಬ ವಿಭೂತಿ ಹಚ್ಚಿ, ಹೊಸ ಸೀರೆಯನ್ನೋ ಧೋತರವನ್ನೋ ಉಡಿಸಿ, ಬೆನ್ನಿಗೆ ಆಸರೆ ಕೊಟ್ಟು, ಕೊರಳ ತುಂಬ ಹೂವು ಹಾಕಿ ಪಡಸಾಲೆಯಲ್ಲಿ ಕೂಡಿಸಿದ ಮೇಲೆ ಫೋಟೋದವರಿಗೆ ಕರೆ ಹೋಗುತ್ತದೆ. ಬದುಕಿದ್ದಾಗ ಕ್ಯಾಮೆರಾದ ಮುಂದೆ ನಿಲ್ಲದ ಎಷ್ಟೋ ಮುದುಕ ಮುದುಕಿಯರಿಗೆ ಅದೇ ಮೊದಲ ಫೋಟೋ. ದಿವಸದ ಕಾರ್ಯ ಮುಗಿದ ಮೇಲೆ ಮನೆಯವರು ಅಂಗಡಿಗೆ ಬಂದು, ಹೂವು ತೆಗೆದು, ಕಣ್ಣು ತೆರೆಸಿ, ಗೋಡೆಗೆ ಹಾಕುವ ಹಾಗೆ ಮಾಡಿಕೊಡಿ ಎಂದು ಕೇಳುತ್ತಾರೆ. ಆ ಕೆಲಸಕ್ಕೆ ಅಂಗಡಿಯಲ್ಲಿ ಕಣ್ಣು ತೆರೆಸುವುದು ಎಂದೇ ಹೆಸರು. ಮೊದಲು ಕುಂಚ ಹಿಡಿದು ಮಾಡುತ್ತಿದ್ದರು. ಕಂಪ್ಯೂಟರ್ ಬಂದ ಮೇಲೆ ಸುತ್ತಲಿನ ಊರುಗಳಲ್ಲಿ ಒಂದು ನಂಬಿಕೆ ಹಬ್ಬಿತು: ಈ ಮಷೀನು ರೆಪ್ಪೆ ಸರಿಸಿ ಒಳಗಿನ ನಿಜವಾದ ಕಣ್ಣನ್ನೇ ತೋರಿಸುತ್ತದೆ ಎಂದು. ಮಾಲಕರು ಅದಕ್ಕೆ ಹೌದೂ ಅನ್ನುತ್ತಿರಲಿಲ್ಲ, ಅಲ್ಲವೂ ಅನ್ನುತ್ತಿರಲಿಲ್ಲ.

ನಮ್ಮವ್ವನಿಗೂ ಅಲ್ಲೇ ಕಣ್ಣು ತೆರೆಸಿದ್ದು, ನಾನು ಆ ಕೆಲಸಕ್ಕೆ ಸೇರುವ ಮೊದಲೇ. ಅವ್ವ ಕ್ಯಾಮೆರಾ ಕಂಡರೆ ಹಿತ್ತಲಿಗೆ ಓಡುವವಳು. ಅಣ್ಣನ ಲಗ್ನದ ಫೋಟೋಗಳಲ್ಲಿ ಅವಳು ಇರಬೇಕಾದ ಕಡೆಯೆಲ್ಲ ಬರೀ ಸೆರಗು. ಮತದಾರರ ಕಾರ್ಡಿಗೆ ಶಾಲೆಯಲ್ಲಿ ಹಿಡಿದು ಕೂಡಿಸಿದಾಗ, ಕ್ಲಿಕ್ ಎನ್ನುವ ಹೊತ್ತಿಗೆ ಸರಿಯಾಗಿ ತಲೆ ತಗ್ಗಿಸಿದಳು. ಕಾರ್ಡಿನ ತುಂಬ ಬೈತಲೆ ಬಂತು. ಕಾಮಾಲೆಯಾಗಿ ಅವಳು ಹೋದಾಗ ನಾನು ನಿಪ್ಪಾಣಿಯಲ್ಲಿದ್ದೆ. ಮಣ್ಣಿಗೆ ಬಂದು, ಕಾರ್ಯ ಮುಗಿಸಿ, ಪರೀಕ್ಷೆಯಿದೆ ಎಂದು ಮತ್ತೆ ಹೋದೆ. ಮುಂದಿನ ಸಲ ಕಾಗವಾಡದ ಮನೆಗೆ ಬಂದು ಹೊಸ್ತಿಲು ದಾಟಿದರೆ ಅವ್ವ ಗೋಡೆಯ ಮೇಲಿಂದ ಕಣ್ಣು ತೆರೆದು ನನ್ನನ್ನೇ ನೋಡುತ್ತಿದ್ದಳು. ಚೀಲ ಅಲ್ಲೇ ಒಗೆದು ಬಾಯಿಬಿಟ್ಟು ಅತ್ತೆ. ಆಮೇಲೆ ಅದೇ ಅಂಗಡಿಯಲ್ಲಿ ಕೂತು ಬೇರೆಯವರ ಸತ್ತ ತಾಯಂದಿರಿಗೆ ಸೀರೆಯ ಬಣ್ಣ ತಿದ್ದಿದೆ, ಕುಂಕುಮ ಇಟ್ಟೆ, ಮುಚ್ಚಿದ ರೆಪ್ಪೆಯ ಮೇಲೆ ಕಣ್ಣು ಬರೆದೆ. ಯಾವ ಮಷೀನೂ ರೆಪ್ಪೆ ಸರಿಸಲಾರದು ಎಂದು ನನಗಿಂತ ಚೆನ್ನಾಗಿ ಬಲ್ಲವರು ಆ ತಾಲೂಕಿನಲ್ಲಿ ಇರಲಿಲ್ಲ. ಆದರೂ ನಮ್ಮವ್ವನ ಕಣ್ಣು ಎಲ್ಲಿಂದ ಬಂತು ಎಂದು ಒಂದು ದಿನವೂ ಕೇಳಿಕೊಳ್ಳಲಿಲ್ಲ.

ಅಪ್ಪ ಹೊಲದಿಂದ ಬಂದು, ಕೈಕಾಲು ತೊಳೆದು, ಉಂಡು, ಜಮಖಾನ ಹಾಸಿಕೊಂಡು ಆ ಫೋಟೋದ ಎದುರು ಕೂಡುತ್ತಿದ್ದ. ಅವತ್ತಿನ ಸುದ್ದಿಯನ್ನೆಲ್ಲ ಅವ್ವನಿಗೆ ಹೇಳುತ್ತಿದ್ದ. ಬಾವಿಯ ಮೋಟರು ಸುಟ್ಟದ್ದು, ಕಬ್ಬು ಕಡಿಯುವ ಗ್ಯಾಂಗು ಬರುತ್ತೇನೆಂದು ಹೇಳಿ ಕೈಕೊಟ್ಟದ್ದು, ಸೊಸೆ ಪಲ್ಯಕ್ಕೆ ಉಪ್ಪು ಸುರಿದದ್ದು.

"ನನ್ನ ಚಾಡಿ ಹೇಳೂದು ಮುಗೀತೇನ್ರಿ ಮಾವಾರ?" ಎಂದು ವೈನಿ ಅಡುಗೆಮನೆಯಿಂದ ಕೇಳಿದರೆ ಅಪ್ಪ ಫೋಟೋದ ಕಡೆ ನೋಡಿ ನಗುತ್ತಿದ್ದ. ಅವ್ವ ಬದುಕಿದ್ದಾಗ ಅವಳ ಜೊತೆ ಇಷ್ಟು ಮಾತಾಡಿದ್ದನ್ನು ನಾನಂತೂ ಕಂಡಿರಲಿಲ್ಲ. ಆಗ ಅವನು ಕೇಳುತ್ತಿದ್ದದ್ದು ನೀರು, ಇಲ್ಲವೆ ಟವೆಲ್ಲು.

ಕಂಪ್ಯೂಟರ್ ತೊಳೆದ ಆ ವಾರವೇ ಊರಲ್ಲಿ ಮಳೆ ಹಿಡಿದು ನಮ್ಮ ಪಡಸಾಲೆಯ ಗೋಡೆಗೆ ನೀರು ಇಳಿಯಿತು. ಫೋಟೋ ಪ್ರಿಂಟರಿನಲ್ಲಿ ತೆಗೆದದ್ದು, ಅದರ ಶಾಯಿಗೆ ನೀರೆಂದರೆ ಆಗದು. ಚೌಕಟ್ಟಿನ ಒಳಗೆ ಮೇಲಿಂದ ಇಳಿದ ನೀರು ಹಣೆಯ ವಿಭೂತಿಯನ್ನೂ ಎರಡು ಕಣ್ಣನ್ನೂ ಕಲಸಿ ಕೆಳಗೆ ಹರಿಸಿತ್ತು. ಬಾಯಿ, ಗದ್ದ, ಕೊರಳಿನ ತಾಳಿ ಮಾತ್ರ ಇದ್ದ ಹಾಗೇ ಇದ್ದವು. ಅಪ್ಪ ಅದನ್ನು ಬಹಳ ಹೊತ್ತು ನೋಡಿದ. ಆಮೇಲೆ ಹಾಸಿಗೆ ಸುತ್ತಿಕೊಂಡು ಹೊರಗಿನ ಕಟ್ಟೆಗೆ ಹೋದ.

"ಒಳಗ ಬಾ ಅಪ್ಪಾ, ಥಂಡಿ ಐತಿ," ಎಂದು ಅಣ್ಣ ಕರೆದ.

"ಒಳಗ ಯಾರದಾರಂತ ಬರ್ಲೋ?" ಎಂದ ಅಪ್ಪ.

ಒಳಗೆ ಅಣ್ಣ ಇದ್ದ, ವೈನಿ ಇದ್ದಳು, ಅವರ ಮಕ್ಕಳಿದ್ದರು, ನಾನಿದ್ದೆ. ಮೊದಲು ನನಗೆ ಸಿಟ್ಟೇ ಬಂತು. ದಿನ ಕಳೆದ ಹಾಗೆ ಸಿಟ್ಟು ಹೋಗಿ ಹೆದರಿಕೆ ಹಿಡಿಯಿತು. ಅಪ್ಪ ತಟ್ಟೆಯ ಮುಂದೆ ಕೂತು ರೊಟ್ಟಿ ಮುರಿದು ನಾಯಿಗೆ ಹಾಕಿ ಏಳುತ್ತಿದ್ದ. ಹೊಲಕ್ಕೆ ಹೋಗುವುದು ತಪ್ಪಿತು. ಕೆಮ್ಮು ಹತ್ತಿತು. ಅಂಗಿ ಗೂಟಕ್ಕೆ ಹಾಕಿದ ಹಾಗೆ ಅವನ ಮೈಮೇಲೆ ಜೋತಾಡುತ್ತಿತ್ತು. ಇವನೂ ಹೋಗುತ್ತಾನೆ ಎಂದು ನನಗೆ ಸ್ಪಷ್ಟವಾಗಿ ಅನ್ನಿಸಿತು. ಕಟ್ಟೆಯ ಮೇಲೆ ಅವನ ಪಕ್ಕ ಕೂತು, "ಹೊಸಾದು ಮಾಡಿ ತರ್ತೀನಿ ಅಪ್ಪಾ, ಅವೇ ಕಣ್ಣು ಇರ್ತಾವ," ಎಂದು ಕೈ ಮುಟ್ಟಿ ಮಾತು ಕೊಟ್ಟೆ.

ಮಾತು ಕೊಟ್ಟು ಅಂಗಡಿಗೆ ಬಂದು ಹುಡುಕಿದರೆ ನೆಗೆಟಿವ್ ಸಿಕ್ಕಿತು. ಹೂವಿನ ರಾಶಿಯಲ್ಲಿ ಅವ್ವ ಕೂತಿದ್ದಳು, ಕಣ್ಣು ಮುಚ್ಚಿತ್ತು. ತೆರೆದ ಕಣ್ಣಿದ್ದದ್ದು ಮೆಕ್ಯಾನಿಕ್ ಅಳಿಸಿದ ಫೋಟೋದಲ್ಲಿ. ಅದರ ಜೊತೆ ಅದೂ ಹೋಗಿತ್ತು.

ಆಗ ಆ ಮೂರು ಫೋಲ್ಡರ್‌ಗಳ ನೆನಪಾಯಿತು. ಅಲ್ಲಿಯವರೆಗೆ ಅವನ್ನು ಅಳಿಸುವುದೇ ನನಗೆ ಹಟವಾಗಿತ್ತು, ತೆರೆದು ನೋಡಿರಲಿಲ್ಲ. ಆಯಿ ಎಂಬುದನ್ನು ತೆರೆದು ಮೊದಲ ಚಿತ್ರದ ಮೇಲೆ ಒತ್ತಿದೆ. ಯಂತ್ರ ಮೇಲಿನಿಂದ ಒಂದೊಂದೇ ಗೆರೆ ಇಳಿಸತೊಡಗಿತು. ಒಂದು ಹುಬ್ಬು ಬಂತು. ಇನ್ನೊಂದು ಹುಬ್ಬು. ರೆಪ್ಪೆಯ ಮಡಿಕೆ. ಅಷ್ಟರಲ್ಲಿ ಲೈಟು ಹೋಯಿತು.

"ನಾ ಹೇಳಿದ್ದಿಲ್ಲೇನ?" ಎಂದು ಕಿಟಕಿಯಿಲ್ಲದ ಕೋಣೆಯ ಕತ್ತಲಲ್ಲಿ ಮಾಲಕರ ಧ್ವನಿ ಬಂತು. "ನಿಂಬಿಹಣ್ಣ ಒಣಗೈತಿ. ನಾಳೆ ಹೊಸಾದು ಕಟ್ಟೂಣು."

ಮಧ್ಯಾಹ್ನ ಲೈಟು ಬಂದ ಮೇಲೆ ಮತ್ತೆ ತೆರೆದೆ. ಬಿಳಿಯ ಪರದೆಯ ನಡುವೆ ಒಂದು ಜೋಡಿ ಕಣ್ಣು. ಹಣೆಯಿಲ್ಲ, ಮೂಗಿಲ್ಲ, ಮುಖವೇ ಇಲ್ಲ. ಮುಂದಿನ ಚಿತ್ರದಲ್ಲಿ ಇನ್ನೊಂದು ಜೋಡಿ. ಅದರ ಮುಂದೆ ಮತ್ತೊಂದು. ಹಾಡುಹಗಲಲ್ಲಿ, ಹೊರಗೆ ಪೇಟೆಯ ಗದ್ದಲ ಕೇಳುತ್ತಿರುವಾಗ, ನಾನು ಹೊರಳಿ ಬೆನ್ನ ಹಿಂದೆ ನೋಡಿಕೊಂಡೆ. ಅಜ್ಜ, ಅಪ್ಪ ಎಂಬ ಫೋಲ್ಡರ್‌ಗಳನ್ನೂ ತೆರೆದೆ. ಅಲ್ಲೂ ಕಣ್ಣುಗಳೇ, ಆದರೆ ಒಂದೊಂದು ಒಬ್ಬೊಬ್ಬರವು. ಪಾಸ್‌ಪೋರ್ಟ್ ಸೈಜಿನ ಫೋಟೋ ತೆಗೆಸಲು ಬಂದ ಗಿರಾಕಿಗಳ ಮುಖದಿಂದ ಕತ್ತರಿಸಿ ಇಟ್ಟಿದ್ದವು. ಆಯಿಯಲ್ಲಿದ್ದವು ಹಾಗಲ್ಲ. ಅಲ್ಲಿದ್ದ ಅಷ್ಟೂ ಕಣ್ಣುಗಳು ಒಬ್ಬಳೇ ಹೆಂಗಸಿನವು. ಬೆಳಗಿನ ಬೆಳಕಿನಲ್ಲಿ ಕಿರಿದಾದದ್ದು, ನಗುವಾಗ ಅಂಚಿನಲ್ಲಿ ನೆರಿಗೆ ಬಿದ್ದದ್ದು, ನಿದ್ದೆಗೆ ಜಾರುತ್ತಿದ್ದದ್ದು, ಯಾರನ್ನೋ ಗದರಿಸುವ ಮುಂಚಿನದು. ಒಂದೊಂದಾಗಿ ನೋಡುತ್ತ ಹೋದಾಗ ನಮ್ಮ ಪಡಸಾಲೆಯ ಗೋಡೆಯ ಮೇಲಿದ್ದ ಕಣ್ಣು ಬಂತು. ಮೆಣಸಿನಕಾಯಿಯ ದಾರ ಬದಿಗೆ ಸರಿಸಿ ಮತ್ತೆ ನೋಡಿದೆ.

ಅವ್ವ ಎಂದೋ ಈ ಅಂಗಡಿಗೆ ಬಂದಿದ್ದಳೇ? ಯಾರೋ ಅವಳನ್ನು ಇಷ್ಟೊಂದು ಸಲ, ನಗಿಸಿ, ಕೂಡಿಸಿ, ಫೋಟೋ ತೆಗೆದಿದ್ದರೇ? ಸೆರಗು ಮುಚ್ಚಿಕೊಂಡು ಓಡುವವಳು ಹೀಗೆ ನೆಟ್ಟಗೆ ನೋಡಿದ್ದಾಳೆಂದರೆ ನಂಬುವ ಮಾತಲ್ಲ, ಆದರೆ ನನಗೆ ಆಗ ನಂಬುವುದು ಬೇಕಾಗಿತ್ತು. ಕಣ್ಣುಗಳಿವೆ ಎಂದ ಮೇಲೆ ಅವು ಬಂದ ಕಡೆ ಮುಖವೂ ಇರಬೇಕು. ಬದುಕಿದ್ದ ಅವ್ವನ ಪೂರ್ತಿ ಮುಖ. ಅದು ಸಿಕ್ಕರೆ ಅಪ್ಪ ಒಳಗೆ ಬರುತ್ತಾನೆ, ರೊಟ್ಟಿ ತಿನ್ನುತ್ತಾನೆ. ಈ ಫೋಲ್ಡರ್‌ಗಳು ದಿನಾ ಎಲ್ಲಿಂದ ಎದ್ದು ಬರುತ್ತವೆ ಎಂದು ಪತ್ತೆ ಹಚ್ಚದೆ ಬಿಡಬಾರದು ಎಂದು ಸೆರಗು ಸಿಕ್ಕಿಸಿ ಕೂತೆ.

ಕಂಪ್ಯೂಟರ್ ಚಾಲೂ ಆದ ಕೂಡಲೇ ತಾನು ಏನೇನು ಮಾಡಬೇಕೆಂದು ಓದಿಕೊಳ್ಳುವ ಒಂದು ಸಣ್ಣ ಫೈಲು ಆಗಿನ ಯಂತ್ರಗಳಲ್ಲಿ ಇರುತ್ತಿತ್ತು. ನಿಪ್ಪಾಣಿಯಲ್ಲಿ ಅದನ್ನು ಕಲಿಸಿದ್ದರು, ನಾನು ಬಾಯಿಪಾಠ ಮಾಡಿ ಮರೆತಿದ್ದೆ. ಅದನ್ನು ತೆರೆದು ನೋಡಿದರೆ ಕೊನೆಯಲ್ಲಿ ಯಾರೋ ಕೈಯಾರೆ ಸೇರಿಸಿದ ಒಂದು ಸಾಲಿತ್ತು: ಡಿಸ್ಕಿನ ಇನ್ನೊಂದು ಭಾಗದಿಂದ ಈ ಮೂರು ಫೋಲ್ಡರ್‌ಗಳನ್ನು ತಂದು ಇಲ್ಲಿ ಇಡು. ಡಿಸ್ಕಿಗೆ ಇನ್ನೊಂದು ಭಾಗ ಇದೆಯೆಂಬುದೇ ನಮಗೆ ಗೊತ್ತಿರಲಿಲ್ಲ, ಆ ಮೆಕ್ಯಾನಿಕ್ ಅತ್ತ ಹೊರಳಿ ನೋಡಿರಲಿಲ್ಲ. ನಾನು ಪ್ರತಿ ಸಂಜೆ ಅಳಿಸುತ್ತಿದ್ದೆ, ಯಂತ್ರ ಪ್ರತಿ ಬೆಳಿಗ್ಗೆ ವಿಧೇಯವಾಗಿ ತಂದು ಇಡುತ್ತಿತ್ತು. ದೆವ್ವದ ಕಥೆ ಇಷ್ಟೇ. ಆದರೆ ಆ ಭಾಗದಲ್ಲೂ ಇದ್ದದ್ದು ಅವೇ ಮೂರು, ಅವೇ ಕಣ್ಣುಗಳು. ಮುಖ ಅಲ್ಲೂ ಇರಲಿಲ್ಲ.

ಆ ಸಾಲು ಬರೆದವರು ಯಾರೆಂದು ಕೇಳಬೇಕಾಗಿರಲಿಲ್ಲ. ನನಗಿಂತ ಮೊದಲು ಅಲ್ಲಿ ಕೂಡುತ್ತಿದ್ದವರು ಒಬ್ಬರೇ. ಕುಡಚಿಯ ಮುಸ್ಲಿಮರು, ಕುಂಚದ ಕಾಲದಿಂದಲೂ ಫೋಟೋ ತಿದ್ದುವ ಟಚಿಂಗ್ ಮಾಡುತ್ತಿದ್ದವರು, ಇಳಿವಯಸ್ಸಿನಲ್ಲಿ ಕಂಪ್ಯೂಟರ್ ಕಲಿತವರು. ಎಲ್ಲರೂ ಚಾಚಾ ಎನ್ನುತ್ತಿದ್ದರಂತೆ. ನಾನು ಅವರನ್ನು ಕಂಡಿರಲಿಲ್ಲ. ಯಾಕೆ ಬಿಟ್ಟರು ಎಂದರೆ ಮಾಲಕರು, "ಮನ್ಯಾಗ ತ್ರಾಸ ಇತ್ತಂತ, ಒಂದಿನ ಬರೂದು ಬಿಟ್ಟ," ಎಂದರು. ಫೋಲ್ಡರ್‌ಗಳು ಮಾಲಕರ ಕಣ್ಣಿಗೆ ಬೀಳದ ಹಾಗೆ ಮರೆಮಾಡಿ, ಹೊಸ ನಿಂಬೆಹಣ್ಣಿಗೆ ದೆವ್ವ ಓಡಿಹೋಯಿತು ಎಂದು ಹೇಳಿದೆ. ಮಾಲಕರು ಆ ಸುದ್ದಿಯನ್ನು ಅಕ್ಕಪಕ್ಕದ ಅಂಗಡಿಗಳಿಗೆಲ್ಲ ಹಂಚಿ ಬಂದರು.

ಆ ನಡುವೆ ಲಗ್ನದ ಆಲ್ಬಮ್ ಮುಟ್ಟಿಸಲು ಐಗಳಿ ಎಂಬ ಹಳ್ಳಿಗೆ ಹೋಗಬೇಕಾಯಿತು. ದ್ರಾಕ್ಷಿ ತೋಟದ ಜೈನರ ಮನೆ. ಪಡಸಾಲೆಯಲ್ಲಿ ಕೂಡಿಸಿ ಚಹಾ ಕೊಟ್ಟರು. ಕಪ್ ಬಾಯಿಗೆ ಇಡುವಾಗ ಎದುರಿನ ಗೋಡೆ ನೋಡಿದೆ. ಆ ಮನೆಯ ಸತ್ತ ಅಜ್ಜಿ, ಉದ್ದ ಮುಖ, ತೆಳ್ಳಗಿನ ತುಟಿ, ನಮ್ಮವ್ವನಿಗೂ ಅವಳಿಗೂ ಯಾವ ಹೋಲಿಕೆಯೂ ಇಲ್ಲ. ಅವಳ ಮುಖದೊಳಗಿಂದ ನಮ್ಮವ್ವ ನನ್ನನ್ನು ನೋಡುತ್ತಿದ್ದಳು. ಚಹಾ ಸೀರೆಯ ಮೇಲೆ ಚೆಲ್ಲಿತು. ಆಮೇಲೆ ನಾನು ಅಥಣಿಯಲ್ಲಿ ಯಾರ ಮನೆಗೆ ಹೋದರೂ ಮೊದಲು ಗೋಡೆ ನೋಡುತ್ತಿದ್ದೆ. ಬೇಕರಿಯವರ ಮನೆಯಲ್ಲಿ ಅವ್ವ, ಚಪ್ಪಲಿ ಹೊಲಿಯುವವರ ಮನೆಯಲ್ಲಿ ಅವ್ವ. ಒಂದೊಂದು ಮನೆಯಲ್ಲಿ ಒಂದೊಂದು ಥರ ನೋಡುತ್ತಿದ್ದಳು, ನನ್ನ ಗುರುತು ಹಿಡಿಯುತ್ತಿರಲಿಲ್ಲ. ಬಸ್ಸಿನಲ್ಲಿ ಕಣ್ಣು ಮುಚ್ಚಿದರೂ ಅವೇ ಬರುತ್ತಿದ್ದವು. ಹೆದರಿಕೆ ಸಾಲದು ಎಂಬಂತೆ ಕೋಪವೂ ಸೇರಿಕೊಂಡಿತು. ನಮ್ಮವ್ವನ ಕಣ್ಣನ್ನು ಯಾರನ್ನೂ ಕೇಳದೆ ಊರಿಗೆಲ್ಲ ಪ್ರಸಾದದ ಹಾಗೆ ಹಂಚಿದ ಆ ಮನುಷ್ಯನ ಮುಖಕ್ಕೆ ನಾಲ್ಕು ಮಾತು ಹೇಳಿ, ಅವಳ ಪೂರ್ತಿ ಫೋಟೋ ಇಸಿದುಕೊಂಡೇ ಬರುವುದು ಎಂದು ಒಂದು ರವಿವಾರ ಕುಡಚಿಯ ಬಸ್ಸು ಹತ್ತಿದೆ.

ಸ್ಟೇಶನ್ನಿನ ಹಿಂದಿನ ಓಣಿಯಲ್ಲಿ ಅವರ ಮನೆ. ಬಾಗಿಲು ತೆರೆದವರು ಎತ್ತರದ, ಬಾಗಿದ, ಬಿಳಿ ಗಡ್ಡದ ಮುದುಕರು. ಸ್ಟುಡಿಯೋದಿಂದ ಬಂದೆ ಎಂದ ಕೂಡಲೇ ಒಳಗೆ ಕರೆದು ಕುರ್ಚಿ ಕೊಟ್ಟರು. ಗೋಡೆಗೆ ಒಂದು ಗಡಿಯಾರ, ಒಂದು ಕ್ಯಾಲೆಂಡರ್. ಜೀವಮಾನವೆಲ್ಲ ಫೋಟೋ ಮಾಡಿದವರ ಮನೆಯಲ್ಲಿ ಒಂದೇ ಒಂದು ಫೋಟೋ ಇರಲಿಲ್ಲ. ನಾನು ನೀರು ಕುಡಿಯುವಷ್ಟು ಹೊತ್ತೂ ತಡೆಯಲಿಲ್ಲ.

"ನಮ್ಮವ್ವನ ಕಣ್ಣು ಊರಿಗೆಲ್ಲಾ ಹಂಚೀರಲ್ರಿ ಚಾಚಾ, ಯಾರನ್ನ ಕೇಳಿ ಹಂಚಿದ್ರಿ? ಆಕಿದು ಪೂರಾ ಫೋಟೋ ಎಲ್ಲೈತಿ, ಕೊಡ್ರಿ."

ಅವರು, "ಮಷೀನ್ ತೊಳದ್ರಂತ ಕೇಳಿದ್ನಿ. ಅವು ಇನ್ನೂ ಅದಾವೇನ ಬೇಟಿ?" ಎಂದರು.

"ಅದಾವ. ದಿನಾ ಬರ್ತಾವ."

ಮುದುಕರು ಎರಡೂ ಕೈಯಿಂದ ಮುಖ ಮುಚ್ಚಿಕೊಂಡರು. ಆಮೇಲೆ ಗಡ್ಡ ಒರೆಸಿಕೊಂಡು ಮೆಲ್ಲಗೆ ಹೇಳಿದರು.

"ಅವು ನಿಮ್ಮವ್ವನ ಕಣ್ಣಲ್ಲ ಬೇಟಿ. ನನ್ನ ಹೆಂಡತಿವು."

ಮೊದಮೊದಲು ಅವರು ಹೆಂಗಸರಿಗೂ ಪಾಸ್‌ಪೋರ್ಟ್ ಫೋಟೋದ ಕಣ್ಣೇ ಹಾಕುತ್ತಿದ್ದರಂತೆ. ಕ್ಯಾಮೆರಾಕ್ಕೆ ಹೆದರಿದ ಕಣ್ಣುಗಳವು. ಮನೆಯವರು ಚೌಕಟ್ಟು ಸಮೇತ ವಾಪಸು ತರುತ್ತಿದ್ದರು, ನಮ್ಮವ್ವ ಹಿಂಗ ನೋಡ್ತಿರಲಿಲ್ಲ ಎಂದು. ಅಪ್ಪಂದಿರ ಫೋಟೋ ಯಾರೂ ವಾಪಸು ತರಲಿಲ್ಲ. ಅಪ್ಪ ಬಿರುಸಾಗಿ ನೋಡಿದರೆ ನಮ್ಮಲ್ಲಿ ಯಾರಿಗೂ ಅನುಮಾನ ಬರುವುದಿಲ್ಲ. ಆಗ ಇವರು ಕ್ಯಾಮೆರಾ ಮನೆಗೆ ತಂದು ಹೆಂಡತಿಯನ್ನು ಕೂಡಿಸಿದರು. ಆಕೆ ಮೊದಲು ನಕ್ಕು, ಆಮೇಲೆ ಬೈದು, ಕೊನೆಗೆ ರೂಢಿಯಾಗಿ, ಮೆಂತ್ಯ ಸೋಸುತ್ತ, ಮೊಮ್ಮಗನನ್ನು ಗದರುತ್ತ, ಇವರ ಕಡೆ ನೋಡುವಳಂತೆ. ಆ ಕಣ್ಣು ಹಾಕಿದ ಮೇಲೆ ಒಂದು ಮನೆಯಿಂದಲೂ ಫೋಟೋ ತಿರುಗಿ ಬರಲಿಲ್ಲ. ಲೈಟು ಹೋದಾಗಲೆಲ್ಲ ಫೈಲುಗಳು ಕೆಡುತ್ತಿದ್ದವೆಂದು, ಅವು ಕೆಟ್ಟರೂ ಬೆಳಿಗ್ಗೆ ಸರಿಯಾಗಲಿ ಎಂದು ಆ ಸಾಲು ಬರೆದಿಟ್ಟದ್ದು. ಆಮೇಲೆ ಆಕೆ ಹೋದಳು. ಎದೆನೋವು ಎಂದವಳು ಮಿರಜದ ದವಾಖಾನೆ ಮುಟ್ಟಲಿಲ್ಲ.

"ನಮ್ಮಲ್ಲಿ ಹ್ವಾದವರ ಫೋಟೋ ಹಾಕೂದಿಲ್ಲ ಬೇಟಿ. ಅದು ನನಗೂ ಸರಿ ಅನಸ್ತೈತಿ. ಇದ್ದ ಫೋಟೋ ಎಲ್ಲಾ ತಗದ್ವಿ. ಆದ್ರ ಮನಸ ಕೇಳಬೇಕಲ್ಲ. ಫ್ರೇಮ್ ಸಡಲ ಆಗೈತೇನ ನೋಡಾಕ ಬಂದೇನಿ ಅಂತ ಹೇಳಿ ಹಳ್ಳಿಗೆ ಹೋಗಿ ನೋಡಿ ಬರ್ತಿದ್ನಿ. ಐಗಳಿಗೆ ಹ್ವಾದ್ನಿ, ರಾಯಬಾಗಕ್ಕ ಹ್ವಾದ್ನಿ. ಮಂದಿ ನನ್ನ ಮಾರಿ ಮಾರಿ ನೋಡಾಕತ್ತಿದ್ರು. ಬಿಟ್ಟೆ."

ಅವ್ವನಿಗೆ ಹಾಕಿದ್ದು ಯಾವ ಜೋಡಿ ಎಂದು ಅವರಿಗೆ ಚೆನ್ನಾಗಿ ನೆನಪಿತ್ತು. ಫೋಟೋ ಮಾಡಿಸಲು ಬಂದಿದ್ದ ಅಪ್ಪ, ಮಗಳು ನಿಪ್ಪಾಣಿಯಲ್ಲಿದ್ದಾಳೆ, ಅವಳ ದಾರಿ ನೋಡಿ ನೋಡಿ ಇವಳು ಹೋದಳು ಎಂದು ಹೇಳಿದ್ದನಂತೆ. ಚಾಚಾನ ಹೆಂಡತಿ, ಬಾಣಂತನಕ್ಕೆ ಬರಬೇಕಾದ ಮಗಳ ಟಾಂಗಾ ಬಂತೇ ಎಂದು ಬಾಗಿಲಲ್ಲಿ ನಿಂತು ನೋಡುತ್ತಿದ್ದಾಗ ತೆಗೆದ ಫೋಟೋ ಅದು. ಅದನ್ನೇ ಆರಿಸಿ ಹಾಕಿದರು. ನಾನು ಗಡಿಯಾರ ನೋಡುತ್ತ ಕೂತೆ.

ತಿರುಗಿ ಬರುವಾಗ ಬಸ್ಸು ಕೃಷ್ಣೆಯ ಸೇತುವೆ ದಾಟುತ್ತಿತ್ತು. ಕಿಟಕಿಗೆ ತಲೆಯಿಟ್ಟು ಅವ್ವನ ಕಣ್ಣು ಹೇಗಿದ್ದವು ಎಂದು ನೆನಪು ಮಾಡಿಕೊಳ್ಳಲು ನೋಡಿದೆ. ಅವಳ ಕೈ ನೆನಪಾಯಿತು, ಒಲೆಯ ಮುಂದಿನ ಬೆನ್ನು, ಕೂಗುವ ಧ್ವನಿ, ಕಾಲಿನ ಬಿರುಕು. ಕಣ್ಣಿನ ಹತ್ತಿರ ಬಂದರೆ ಚಾಚಾನ ಹೆಂಡತಿ ಬಾಗಿಲಲ್ಲಿ ನಿಂತು ದಾರಿ ನೋಡುತ್ತಿದ್ದಳು. ಅದನ್ನು ಸರಿಸಿ ಹಿಂದೆ ನೋಡಲು ಎಷ್ಟು ಹೆಣಗಿದರೂ ಆಗಲಿಲ್ಲ. ಅವ್ವನ ಕಣ್ಣು ನನಗೆ ಮರೆತುಹೋಗಿತ್ತು. ಇವತ್ತಿಗೂ ನೆನಪಾಗಿಲ್ಲ. ಅವಳು ಸತ್ತಾಗ ಅತ್ತದ್ದಕ್ಕಿಂತ ಹೆಚ್ಚು ಆ ಬಸ್ಸಿನಲ್ಲಿ ಅತ್ತೆ.

ಅಪ್ಪನಿಗೆ ಹೇಳಬೇಕೋ ಬೇಡವೋ ಎಂದು ಯೋಚಿಸುತ್ತ ಕೂಡುವಷ್ಟು ಹೊತ್ತು ಇರಲಿಲ್ಲ. ಕಟ್ಟೆಯ ಮೇಲಿನ ಕೆಮ್ಮು ದಿನದಿನಕ್ಕೆ ಆಳಕ್ಕೆ ಇಳಿಯುತ್ತಿತ್ತು. ನೆಗೆಟಿವಿನಿಂದ ಅವ್ವನ ಮುಖ ತೆಗೆದು, ಹೂವು ಅಳಿಸಿ, ಆ ಕಣ್ಣನ್ನು ತಂದು ಕೂಡಿಸಿದೆ. ಈ ಸಲ ನೀರು ತಾಗದ ಹಾಗೆ ಕೊಲ್ಹಾಪುರಕ್ಕೆ ಕಳಿಸಿ ಒಳ್ಳೆಯ ಕಾಗದದ ಮೇಲೆ ಪ್ರಿಂಟು ಹಾಕಿಸಿದೆ. ನಿಮಗೂ ಒಂದು ಬೇಕೇನು ಎಂದು ಕೇಳಿದಾಗ ಚಾಚಾ ಬೇಡ ಎಂದಿದ್ದರು. ಫೋಟೋ ಗೋಡೆಗೆ ಹಾಕುವ ದಿನ ಬಂದು ಒಮ್ಮೆ ನೋಡಿ ಹೋಗಲೇ ಎಂದು ಮಾತ್ರ ಕೇಳಿದ್ದರು. ಆ ದಿನ ಕುಡಚಿಯಿಂದ ಕಾಗವಾಡಕ್ಕೆ ಬಂದರು, ಇಸ್ತ್ರಿ ಮಾಡಿದ ಅಂಗಿ ಹಾಕಿಕೊಂಡು.

"ಇವರೇ ಅಪ್ಪಾ, ಅವ್ವನ ಫೋಟೋ ಮಾಡಿದವ್ರು," ಎಂದೆ. ಅಪ್ಪ ಕೈಮುಗಿದ. ಅಣ್ಣ ಮೊಳೆ ಬೇರೆ ಗೋಡೆಗೆ ಹೊಡೆದು ಫೋಟೋ ತೂಗುಹಾಕಿದ. ಅಪ್ಪ ಕಟ್ಟೆಯಿಂದ ಎದ್ದು, ಗೋಡೆ ಹಿಡಿದು, ಹೊಸ್ತಿಲು ದಾಟಿ ಒಳಗೆ ಬಂದ. ನಿಂತು ನೋಡಿದ. ಧೋತರದ ಚುಂಗಿನಿಂದ ಗಾಜು ಒರೆಸಿದ.

"ನೋಡಾಕತ್ತಾಳ," ಎಂದ. ಆಮೇಲೆ ವೈನಿಗೆ, "ಜಮಖಾನ ಹಾಸವಾ. ಒಂದಿಷ್ಟು ಊಟಕ್ಕ ಹಾಕು, ಹಸಿವ್ಯಾಗೈತಿ," ಎಂದ. ವೈನಿ ಅಡುಗೆಮನೆಗೆ ಓಡಿದಳು. ಅವಳು ಅಳುತ್ತಿದ್ದದ್ದು ನನಗೆ ಕೇಳಿಸಿತು.

ಚಾಚಾ ಬಾಗಿಲ ಬಳಿ ಕಂಬ ಹಿಡಿದು ನಿಂತಿದ್ದರು. ಅಪ್ಪ ಜಮಖಾನದ ಮೇಲೆ ಸರಿದು ಜಾಗ ಮಾಡಿದ.

"ಅಲ್ಲಿ ಯಾಕ ನಿಂತ್ರಿ? ಇಲ್ಲಿ ಬಂದು ಕುಂದರ್ರಿ. ಅಲ್ಲಿಂದ ಗಾಜಿನ ಮ್ಯಾಲ ಬೆಳಕ ಬೀಳತೈತಿ, ಕಣ್ಣು ಕಾಣೂದಿಲ್ಲ."

ಚಾಚಾ ಬಂದು ಅಪ್ಪನ ಮಗ್ಗುಲಿಗೆ ಕೂತರು. ಅಪ್ಪ ಅಷ್ಟು ದಿನ ಉಳಿದಿದ್ದ ಸುದ್ದಿಯನ್ನೆಲ್ಲ ಹೇಳಲು ಶುರು ಮಾಡಿದ. ಗೋಡೆಗೆ ನೀರು ಇಳಿದದ್ದು, ಎಮ್ಮೆ ಈದದ್ದು, ತನಗೆ ಕೆಮ್ಮು ಹತ್ತಿದ್ದು. ಹೇಳಿ ಹೇಳಿ ದಣಿದು, ಪಕ್ಕದಲ್ಲಿ ಕೂತವರ ನೆನಪಾಗಿ ಅವರ ಕಡೆ ತಿರುಗಿದ.

"ಮನಿಗೆ ಮಂದಿ ಬಂದ್ರ ಆಕಿಗೆ ಭಾಳ ಖುಷಿ. ನೀವೂ ಒಂದೆರಡು ಮಾತಾಡ್ರಿ."

ಚಾಚಾ ನನ್ನ ಕಡೆ ನೋಡಿದರು. ನಾನು ತಲೆ ತಗ್ಗಿಸಿದೆ. ಅವರು ಫೋಟೋದ ಕಡೆ ತಿರುಗಿ, ತಮ್ಮ ಮನೆಯ ಉರ್ದುವಿನಲ್ಲಿ, ಊಟ ಆಯಿತೇ ಎಂದು ಕೇಳಿದರು.

ಅಪ್ಪ ನಕ್ಕುಬಿಟ್ಟ. "ಆಕಿಗೆ ಆ ಭಾಷಾ ತಿಳಿಯೂದಿಲ್ರಿ," ಎಂದ.

"ಹೌದ್ರಿ," ಎಂದರು ಚಾಚಾ, ಫೋಟೋದಿಂದ ಮುಖ ತಿರುಗಿಸದೆ.